ಹನ್ನೆರಡು ಮಂದಿಯಲ್ಲಿ ಭಾನುವಾರ ಇದ್ದವರೆಷ್ಟು?

ವೃದ್ಧಾಶ್ರಮದ ಡ್ಯೂಟಿ ಚಾರ್ಟ್ ಓದುವುದು, ಭಾಗಿಸುವುದು, ಲೆಕ್ಕ ಕೇಳುವುದು ಹೇಗೆ

ಸೋದರತ್ತೆಯನ್ನು ಬಳ್ಳಾರಿ ಊರಾಚೆಯ ಒಂದು ವೃದ್ಧಾಶ್ರಮಕ್ಕೆ ಸೇರಿಸುವಾಗ ನಾನು ಕೇಳಿದ ಮೊದಲ ಪ್ರಶ್ನೆಯೇ ತಪ್ಪು. ‘ನಿಮ್ಮಲ್ಲಿ ಎಷ್ಟು ಮಂದಿ ಕೆಲಸಕ್ಕದಾರ?’ ಅಂದೆ. ‘ಹನ್ನೆರಡು ಮಂದಿ ಅದಾರ್ರಿ ಸರ, ಚಿಂತಿ ಮಾಡಬ್ಯಾಡ್ರಿ’ ಅಂದರು ಮ್ಯಾನೇಜರ್. 22 ಹಿರಿಯರಿಗೆ 12 ಮಂದಿ. ಇಬ್ಬರಿಗೆ ಒಬ್ಬರಂತೆ ಬಂತಲ್ಲ ಎಂದು ಲೆಕ್ಕ ಹಾಕಿ, ಮುಂಗಡ ಕಟ್ಟಿ ಬಂದೆ.

ಮೂರನೇ ಭಾನುವಾರ ಸಂಜೆ ನಾಲ್ಕಕ್ಕೆ ಹೋದರೆ ಗೇಟಿನಲ್ಲಿ ವಾಚ್‌ಮನ್, ಒಳಗೆ ಒಬ್ಬಾಕೆ ಆಯಾ. ಅಷ್ಟೇ. ಅತ್ತೆಗೆ ಬೆಳಗ್ಗೆ ಹಾಕಿದ ಡೈಪರ್ ಇನ್ನೂ ಬದಲಾಗಿರಲಿಲ್ಲ. ಕೇಳಿದ್ದಕ್ಕೆ ಆಯಾ ಸಿಟ್ಟಾಗಲಿಲ್ಲ, ಅಳುವಂತಾದಳು: ‘ಯಪ್ಪಾ, ನಾ ಒಬ್ಬಾಕಿ ಏನೇನ್ ಮಾಡ್ಲಿ? ಅವರನ್ನ ಎತ್ತಾಕ ಇನ್ನೊಬ್ರು ಬೇಕಲ್ರಿ.’

ನನಗೆ ನನ್ನ ಮೇಲೇ ನಾಚಿಕೆಯಾಯಿತು. ಸಂಡೂರು ಕಡೆಯ ಒಂದು ಗಣಿಯಲ್ಲಿ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಇಡೀ ನೌಕರಿ ಕಳೆದವನು ನಾನು. ಮಸ್ಟರಿನಲ್ಲಿರುವ ಹೆಸರು ಬೇರೆ, ಪಾಳಿಗೆ ಬಂದು ನಿಂತ ಆಳು ಬೇರೆ ಎಂಬುದು ಅಲ್ಲಿ ಮೊದಲ ವಾರವೇ ಕಲಿಸುವ ಪಾಠ. ಅದನ್ನೇ ಅತ್ತೆಯ ವಿಷಯದಲ್ಲಿ ಮರೆತಿದ್ದೆ. ಆಮೇಲೆ ಕೂತು ಆ ಹನ್ನೆರಡನ್ನು ಬಿಡಿಸಿದೆ. ಅಡುಗೆಯವರು ಇಬ್ಬರು, ವಾಚ್‌ಮನ್ ಒಬ್ಬ, ಮ್ಯಾನೇಜರ್ ಒಬ್ಬರು, ಗಾಡಿ ಓಡಿಸುತ್ತಾ ಲೆಕ್ಕ ಬರೆಯುವ ಹುಡುಗ ಒಬ್ಬ. ಉಳಿದವರು 7. ಏಳೂ ಮಂದಿಗೆ ವಾರಕ್ಕೊಂದು ರಜೆ ಇರಲೇಬೇಕು, ಹಾಗಾಗಿ ದಿನಕ್ಕೆ ಸಿಗುವುದು ಸರಾಸರಿ 6. ಅವರನ್ನು ಮೂರು ಪಾಳಿಗೆ ಹಂಚಿದರೆ ಬೆಳಗ್ಗೆ ಮೂವರು, ಮಧ್ಯಾಹ್ನ ಇಬ್ಬರು, ರಾತ್ರಿ ಒಬ್ಬರು. ಹನ್ನೆರಡು ಅಂದದ್ದು ಸುಳ್ಳಲ್ಲ. ಆದರೆ ಅದರಿಂದ ಅತ್ತೆಗೆ ಉಪಯೋಗವೂ ಇಲ್ಲ.

ನಿಮ್ಮವರು ಯಾರಾದರೂ ಇಂಥ ಕಡೆ ಇದ್ದರೆ ಈ ಲೆಕ್ಕವನ್ನು ನೀವೇ ಮಾಡಬಹುದು. ಬೇಕಾದದ್ದು 100 ಪುಟದ ಒಂದು ನೋಟ್‌ಬುಕ್ಕು, ಮೊಬೈಲಿನ ಕ್ಯಾಲ್ಕುಲೇಟರು, ಮತ್ತು ಕೇಳುವಾಗ ದನಿ ಏರಿಸದಿರುವ ತಾಳ್ಮೆ.

ಮೊದಲು, ಯಾವ ಮನೆ ಎಂದು ತಿಳಿದುಕೊಳ್ಳಿ

ನಮ್ಮ ಕಡೆ ‘ನರ್ಸಿಂಗ್ ಹೋಮ್’ ಅಂದರೆ ಹೆರಿಗೆಗೋ ಆಪರೇಷನ್ನಿಗೋ ಹೋಗುವ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಪದಕ್ಕೆ ಹಿರಿಯರು ತಿಂಗಳು, ವರ್ಷಗಟ್ಟಲೆ ಉಳಿಯುವ ಆರೈಕೆ ಮನೆ ಎಂಬ ಅರ್ಥ. ನಮ್ಮಲ್ಲಿ ಆ ಎರಡನೆಯದಕ್ಕೆ ವೃದ್ಧಾಶ್ರಮ, ಕೇರ್ ಸೆಂಟರ್, ಸೇವಾಶ್ರಮ ಎಂದು ನಾನಾ ಹೆಸರು. ಬೋರ್ಡಿನ ಹೆಸರನ್ನು ಬಿಟ್ಟು ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿ, ಏಕೆಂದರೆ ಕೊನೆಗೆ ಅರ್ಜಿ ಯಾರ ಮೇಜಿಗೆ ಹೋಗಬೇಕು ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ರೋಗಿಗಳನ್ನು ಮಲಗಿಸಿಕೊಂಡು ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಯಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಕೆಳಗೆ ನೋಂದಣಿಯಾಗಿರಬೇಕು. ಜನ ಇದನ್ನು ಕೆಪಿಎಂಇ ಅನ್ನುತ್ತಾರೆ. ಅದರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಬರೀ ಊಟ, ವಸತಿ, ಆರೈಕೆಯ ವೃದ್ಧಾಶ್ರಮವಾದರೆ ಟ್ರಸ್ಟ್ ಅಥವಾ ಸಂಘದ ನೋಂದಣಿ ಕೇಳಿ, ಸರ್ಕಾರದ ಅನುದಾನ ಬರುತ್ತದೆಯೇ ಎಂದೂ ಕೇಳಿ. ಅನುದಾನ ಇದ್ದರೆ ದಾರಿ ಸಲೀಸು. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಡತದಲ್ಲಿ ಅದರ ಲೆಕ್ಕಪತ್ರ ಇರುತ್ತದೆ.

ಎಣಿಸಬೇಕಾದವರು, ಎಣಿಸಬಾರದವರು

ಹಿರಿಯರ ಮೈ ಮುಟ್ಟಿ ಕೆಲಸ ಮಾಡುವವರನ್ನು ಮಾತ್ರ ಎಣಿಸಿ. ಸಿಸ್ಟರ್, ಬ್ರದರ್, ಆಯಾ, ಅಟೆಂಡರ್. ಕಸ ಗುಡಿಸುವವರು, ಅಡುಗೆಯವರು, ವಾಚ್‌ಮನ್ ಇಲ್ಲದೆ ಮನೆ ನಡೆಯದು, ಒಪ್ಪಿದೆ. ಆದರೆ ರಾತ್ರಿ ಎರಡಕ್ಕೆ ಬಚ್ಚಲಿಗೆ ಎಬ್ಬಿಸಿಕೊಂಡು ಹೋಗುವುದು ಅವರಲ್ಲ. ಯಾವುದೋ ಒಬ್ಬ ಅಜ್ಜನಿಗೆ ಅವರ ಮಕ್ಕಳೇ ಸ್ವಂತ ಹಣದಲ್ಲಿ ಇಟ್ಟ ಅಟೆಂಡರನ್ನೂ ಸೇರಿಸಬೇಡಿ. ಆತ ಆ ಒಬ್ಬ ಅಜ್ಜನಿಗೆ ಮಾತ್ರ.

‘ಸಿಸ್ಟರ್’ ಎಂದು ಕರೆಸಿಕೊಳ್ಳುವವರೆಲ್ಲ ನರ್ಸ್ ಅಲ್ಲ. ನರ್ಸಿಂಗ್ ಓದಿನಲ್ಲಿ ಎಎನ್‌ಎಂ 2 ವರ್ಷದ ತರಬೇತಿ, ಜಿಎನ್‌ಎಂ 3 ವರ್ಷದ್ದು, ಬಿಎಸ್ಸಿ ನರ್ಸಿಂಗ್ 4 ವರ್ಷದ್ದು. ಓದಿದವರಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಇನ್ಸುಲಿನ್ ಚುಚ್ಚುವವರು, ಮೂಗಿನ ನಳಿಕೆಯಲ್ಲಿ ಆಹಾರ ಕೊಡುವವರು ಯಾರು ಎಂದು ಕೇಳಿ, ಆ ಸಂಖ್ಯೆಯನ್ನೂ ಕೇಳಿ. ನೋಟ್‌ಬುಕ್ಕಿನಲ್ಲಿ ಓದಿದ ನರ್ಸ್‌ಗಳಿಗೆ ಒಂದು ಸಾಲು, ಉಳಿದವರಿಗೆ ಇನ್ನೊಂದು ಸಾಲು ಇಡಿ. ಬೆರೆಸಬೇಡಿ.

ಡ್ಯೂಟಿ ಚಾರ್ಟ್ ಕೇಳುವ ಬಗೆ

‘ಎಷ್ಟು ಮಂದಿ ಇದ್ದಾರೆ’ ಎಂದು ಕೇಳಬೇಡಿ. ‘ಹೋದ ಭಾನುವಾರ ರಾತ್ರಿ ಡ್ಯೂಟಿಯಲ್ಲಿ ಯಾರ್‍ಯಾರು ಇದ್ದರು’ ಎಂದು ಕೇಳಿ. ಮೊದಲ ಪ್ರಶ್ನೆಗೆ ಬಾಯಿಪಾಠದ ಉತ್ತರ ಸಿದ್ಧವಿರುತ್ತದೆ. ಎರಡನೆಯದಕ್ಕೆ ಪುಸ್ತಕ ತೆಗೆಯಲೇಬೇಕು.

ಪುಸ್ತಕ ತೆಗೆದರೆ ಎರಡು ವಾರದ ಪುಟಗಳ ಫೋಟೊ ತೆಗೆದುಕೊಳ್ಳಲು ಅನುಮತಿ ಕೇಳಿ. ಕೊಡದಿದ್ದರೆ ಅಲ್ಲೇ ಕೂತು ಪಾಳಿವಾರು ಎಣಿಕೆ ಬರೆದುಕೊಳ್ಳಿ, ಹೆಸರು ಬೇಡ. ಅದಕ್ಕೂ ಇಲ್ಲವೆಂದರೆ ‘ಇಂಥ ದಿನ ಕೇಳಿದೆ, ತೋರಿಸಲಿಲ್ಲ’ ಎಂದು ದಿನಾಂಕ ಹಾಕಿ ಬರೆದಿಡಿ. ಮುಂದೆ ಅರ್ಜಿ ಬರೆಯುವಾಗ ಈ ಒಂದು ಸಾಲಿಗೂ ತೂಕ ಬರುತ್ತದೆ.

ಚಾರ್ಟಿನಲ್ಲಿ ಎರಡು ಕಡೆ ಕಣ್ಣಿಡಿ. ಒಂದೇ ಹೆಸರು ಮಧ್ಯಾಹ್ನದ ಪಾಳಿಯಲ್ಲೂ ಅದೇ ದಿನದ ರಾತ್ರಿ ಪಾಳಿಯಲ್ಲೂ ಇದ್ದರೆ ಅದು ಡಬಲ್ ಡ್ಯೂಟಿ. ಅತ್ತೆಯ ಆಶ್ರಮದ ಪಾಳಿಗಳಂತೆ ಸತತ 17 ಗಂಟೆ ನಿಂತೇ ಇದ್ದವಳ ಕೈಯಲ್ಲಿ ಮಾತ್ರೆಯ ಡಬ್ಬಿ ಇದೆ ಎಂದು ಅರ್ಥ. ಇನ್ನೊಂದು, ಒಂದು ತಿಂಗಳ ಎಲ್ಲ ಸಹಿಗಳೂ ಒಂದೇ ಪೆನ್ನು, ಒಂದೇ ಶಾಯಿ, ಒಂದೇ ಓರೆಯಲ್ಲಿದ್ದರೆ ಆ ಪುಸ್ತಕ ನಿತ್ಯ ಬರೆದದ್ದಲ್ಲ, ತನಿಖೆಯ ಹಿಂದಿನ ರಾತ್ರಿ ಬರೆದದ್ದು. ನಿಜವಾದ ಹಾಜರಿ ಪುಸ್ತಕದಲ್ಲಿ ಚಹಾದ ಕಲೆ ಇರುತ್ತದೆ, ಚಿತ್ತು ಇರುತ್ತದೆ. ಟೈಮ್ ಆಫೀಸಿನವನ ಮಾತು ನಂಬಿ.

ಭಾಗಾಕಾರ

ಈಗ ತಲೆ ಎಣಿಕೆ ಬಿಟ್ಟು ಗಂಟೆಗೆ ಬನ್ನಿ. ಪ್ರತಿ ಪಾಳಿಯ ಮಂದಿಯನ್ನು ಪಾಳಿಯ ಗಂಟೆಯಿಂದ ಗುಣಿಸಿ, ಮೂರನ್ನೂ ಕೂಡಿಸಿ, ಅಂದು ಅಲ್ಲಿದ್ದ ಹಿರಿಯರ ಸಂಖ್ಯೆಯಿಂದ ಭಾಗಿಸಿ.

ಅತ್ತೆಯ ಆಶ್ರಮದಲ್ಲಿ ಬೆಳಗಿನ ಪಾಳಿ 7ರಿಂದ 2, ಮಧ್ಯಾಹ್ನದ್ದು 2ರಿಂದ 9, ರಾತ್ರಿಯದು 9ರಿಂದ 7. ಸಾಮಾನ್ಯ ದಿನ ಬೆಳಗ್ಗೆ 3 ಮಂದಿ ಅಂದರೆ 21 ಗಂಟೆ, ಮಧ್ಯಾಹ್ನ 2 ಮಂದಿಗೆ 14, ರಾತ್ರಿ ಒಬ್ಬರಿಗೆ 10. ಒಟ್ಟು 45 ಗಂಟೆ. 22ರಿಂದ ಭಾಗಿಸಿದರೆ ತಲೆಗೆ ಸುಮಾರು 2 ಗಂಟೆ 3 ನಿಮಿಷ. ಭಾನುವಾರ ಮೂವರಿಗೆ ಒಟ್ಟಿಗೆ ರಜೆ ಕೊಟ್ಟಿದ್ದರು. ಬೆಳಗ್ಗೆ 2, ಮಧ್ಯಾಹ್ನ 1, ರಾತ್ರಿ 1. ಅಂದರೆ 14, 7, 10, ಒಟ್ಟು 31 ಗಂಟೆ. ತಲೆಗೆ 1 ಗಂಟೆ 25 ನಿಮಿಷಕ್ಕೂ ಕಡಿಮೆ. ಊಟ, ಸ್ನಾನ, ಬಟ್ಟೆ, ಮಾತ್ರೆ, ಬಚ್ಚಲು, ಎಲ್ಲವೂ ಅದರೊಳಗೇ.

ಇದು ನಾನು ಕಂಡುಹಿಡಿದ ಲೆಕ್ಕವಲ್ಲ. ಅಮೆರಿಕದಲ್ಲಿ ಆರೈಕೆ ಮನೆಗಳನ್ನು ಅಳೆಯುವುದು ಇದೇ ‘ಒಬ್ಬ ನಿವಾಸಿಗೆ ದಿನಕ್ಕೆ ಎಷ್ಟು ಗಂಟೆ’ ಎಂಬ ಅಂಕಿಯಿಂದ. ಅಲ್ಲಿನ ಕೇಂದ್ರ ಸರ್ಕಾರದ ಸಂಸ್ಥೆ 2001ರ ಅಧ್ಯಯನವೊಂದರಲ್ಲಿ 4.1 ಗಂಟೆಗಿಂತ ಕೆಳಗಿಳಿದರೆ ಆರೈಕೆ ಕೆಡುತ್ತದೆ ಎಂದು ಕಂಡುಕೊಂಡಿತ್ತು. 2024ರಲ್ಲಿ 3.48 ಗಂಟೆಯ ಕನಿಷ್ಠ ಮಿತಿಯನ್ನು ನಿಯಮವಾಗಿ ತಂದಿತು. ಮನೆಗಳ ಮಾಲೀಕರು ಕೋರ್ಟಿಗೆ ಹೋದರು, 2025ರಲ್ಲಿ ಕೋರ್ಟು ಆ ನಿಯಮವನ್ನು ರದ್ದು ಮಾಡಿತು. ಅಲ್ಲಿನ ಮನೆಗಳಲ್ಲಿ ನಿತ್ಯದ ಕೆಲಸಕ್ಕೂ ಇನ್ನೊಬ್ಬರ ನೆರವು ಬೇಕಾದವರೇ ಹೆಚ್ಚು, ನಮ್ಮ ಆಶ್ರಮಗಳಲ್ಲಿ ತಾವೇ ಓಡಾಡಿಕೊಂಡಿರುವವರೂ ಇರುತ್ತಾರೆ. ಹಾಗಾಗಿ ಆ ಅಂಕಿಯನ್ನು ಹಿಡಿದುಕೊಂಡು ಇಲ್ಲಿ ಜಗಳಕ್ಕೆ ಹೋಗಬೇಡಿ. ನಿಮ್ಮ ಆಶ್ರಮದ ಮಂಗಳವಾರವನ್ನು ಅದೇ ಆಶ್ರಮದ ಭಾನುವಾರದೊಂದಿಗೆ ಹೋಲಿಸಿ. ಆ ಹೋಲಿಕೆಗೆ ಯಾವ ಮ್ಯಾನೇಜರ್ ಕೈಯಲ್ಲೂ ಉತ್ತರವಿಲ್ಲ.

ಸರಾಸರಿಯ ಮೋಸ

ಇಷ್ಟಕ್ಕೇ ನಿಲ್ಲಿಸಿದರೆ ಮತ್ತೆ ಮೋಸ ಹೋಗುತ್ತೀರಿ. ನಾನು ಹೋಗಿದ್ದೆ.

ರಾತ್ರಿ ಪಾಳಿಯನ್ನೇ ತೆಗೆದುಕೊಳ್ಳಿ. 10 ಗಂಟೆ ಅಂದರೆ 600 ನಿಮಿಷ. 22 ಮಂದಿಯಲ್ಲಿ ಐವರು ಹಾಸಿಗೆ ಹಿಡಿದವರು. ಹಾಸಿಗೆ ಹುಣ್ಣು ಆಗದಿರಲು ಅವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಂದು ರಾತ್ರಿಗೆ ಒಬ್ಬರಿಗೆ 5 ಸಲ, ಐವರಿಗೆ 25 ಸಲ. ಡೈಪರ್ ನೋಡಿ, ಒರೆಸಿ, ಮಗ್ಗುಲು ತಿರುಗಿಸಿ, ದಿಂಬು ಕೊಡಲು 10 ನಿಮಿಷ ಹಿಡಿದರೂ 250 ನಿಮಿಷ. ಇನ್ನೂ 350 ಉಳಿಯಿತಲ್ಲ ಅನ್ನಿಸುತ್ತದೆ. ಕಾಗದದ ಮೇಲೆ ಸರಿ. ಆದರೆ ದಪ್ಪ ಆಳನ್ನು ಒಬ್ಬಳೇ ತಿರುಗಿಸಲಾಗದು, ಇಬ್ಬರು ಬೇಕು. ಇಬ್ಬರಿಲ್ಲದ ಮನೆಯಲ್ಲಿ ಆ ಕೆಲಸ ಆಗುವುದೇ ಇಲ್ಲ. ಅತ್ತೆಯ ಬೆನ್ನ ಕೆಳಗೆ ಕೆಂಪಾಗಿದ್ದು ಯಾಕೆಂದು ಅಂದು ರಾತ್ರಿ ನೋಟ್‌ಬುಕ್ಕಿನ ಮುಂದೆ ಕೂತಾಗ ಹೊಳೆಯಿತು.

ಇನ್ನು ಬೆಳಗಿನ ಜಾವ. ಐದೂವರೆಯಿಂದ ಏಳರವರೆಗೆ 22 ಮಂದಿಗೂ ಒಟ್ಟಿಗೆ ಎಚ್ಚರ. ಬಚ್ಚಲು, ಹಲ್ಲು, ಮುಖ, ಚಹಾ, ಸಕ್ಕರೆ ಕಾಯಿಲೆಯ ಮಾತ್ರೆ. ಡ್ಯೂಟಿಯಲ್ಲಿರುವುದು ರಾತ್ರಿ ಪಾಳಿಯ ಆ ಒಬ್ಬಾಕೆ. 90 ನಿಮಿಷ ಭಾಗಿಸು 22. ತಲೆಗೆ 4 ನಿಮಿಷ. ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಇರುವುದು ಇಂಥ ಹೊತ್ತಿನಲ್ಲಿ, ಎಬ್ಬಿಸುವವರು ಬರುವತನಕ ಕಾಯಲಾಗದೆ ತಾವೇ ಎದ್ದು ಹೊರಟಾಗ.

ಆದ್ದರಿಂದ ಒಂದು ವಾರ, ಆಗದಿದ್ದರೆ ನಾಲ್ಕು ದಿನ, ಬೇರೆ ಬೇರೆ ಹೊತ್ತಿಗೆ ಹೋಗಿ ನೋಡಿ. ಬೆಳಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಊಟದ ಹೊತ್ತಿಗೆ ಒಮ್ಮೆ. ಬಿಡದಿದ್ದರೆ ಫೋನ್ ಮಾಡಿ ‘ಈಗ ಡ್ಯೂಟಿಯಲ್ಲಿ ಯಾರಿದ್ದಾರೆ, ಅತ್ತೆಗೆ ಕೊಡಿ’ ಅನ್ನಿ. ಎಷ್ಟು ಸಲ ರಿಂಗಾದ ಮೇಲೆ ಎತ್ತಿದರು ಎಂಬುದನ್ನೂ ಬರೆದುಕೊಳ್ಳಿ.

ನಮ್ಮ ಸೀಮೆಯ ಕ್ಯಾಲೆಂಡರು

ಅಮೆರಿಕದಲ್ಲಿ ಸಮಸ್ಯೆ ಶನಿವಾರ, ಭಾನುವಾರದ್ದು. 2018ರಲ್ಲಿ ಅಲ್ಲಿನ ಪತ್ರಕರ್ತರು ದಿನದಿನದ ಅಂಕಿ ಬಿಡಿಸಿದಾಗ ವಾರಾಂತ್ಯದಲ್ಲಿ ಸಿಬ್ಬಂದಿ ಕುಸಿಯುವುದು ಬಯಲಾಯಿತು. ನಮ್ಮಲ್ಲಿ ಭಾನುವಾರದ ಜೊತೆಗೆ ಇನ್ನೊಂದು ಪಂಚಾಂಗವಿದೆ. ಬಳ್ಳಾರಿಯಲ್ಲಿ ದುರ್ಗಮ್ಮನ ಸಿಡಿಬಂಡಿ ಉತ್ಸವ, ಕೊಪ್ಪಳದಲ್ಲಿ ಗವಿಮಠದ ಜಾತ್ರೆ, ರಾಯಚೂರು ಕಡೆ ಮುದಗಲ್ಲಿನ ಮೊಹರಂ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಸುತ್ತ ಭತ್ತದ ನಾಟಿ ಶುರುವಾದರೆ, ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನ ಬಂದರೆ, ತಿಂಗಳ ಸಂಬಳದ ಆಯಾಗಿಂತ ಹೊಲದ ದಿನಗೂಲಿಯವಳಿಗೆ ಕೈತುಂಬ ಸಿಗುತ್ತದೆ. ಅವಳು ಹೋಗುವುದು ತಪ್ಪಲ್ಲ. ಅವಳು ಹೋಗುತ್ತಾಳೆಂದು ಗೊತ್ತಿದ್ದೂ ಬದಲಿ ಗೊತ್ತುಮಾಡದ ಆಡಳಿತದ್ದು ತಪ್ಪು. ಆಸ್ಪತ್ರೆಗಳಿಗಾಗಿ ಭಾರತೀಯ ನರ್ಸಿಂಗ್ ಪರಿಷತ್ತು ಹಾಕಿಕೊಟ್ಟ ಮಾನದಂಡದಲ್ಲೇ ರಜೆಗೆಂದು ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಲೆಕ್ಕವಿದೆ. ಏಳು ಮಂದಿಗೆ ಅದು ಇಬ್ಬರು. ‘ಬದಲಿ ಇಬ್ಬರು ಯಾರು?’ ಎಂದು ಕೇಳಿ ನೋಡಿ.

ಇನ್ನೊಂದು ಮಾತು. ನಮ್ಮ ಜಿಲ್ಲೆಗಳಿಂದ ಗುಳೆ ಹೋದ ಮಕ್ಕಳ ಅಪ್ಪ ಅಮ್ಮಂದಿರು ಇಂಥ ಆಶ್ರಮಗಳಲ್ಲಿದ್ದಾರೆ. ಅವರನ್ನು ನೋಡಲು ಭಾನುವಾರ ಯಾರೂ ಬರುವುದಿಲ್ಲ. ನೀವು ಎಣಿಸುವಾಗ ಪಕ್ಕದ ಮಂಚವನ್ನೂ ಸೇರಿಸಿ ಎಣಿಸಿ.

ಸಂಬಳದ ಪಟ್ಟಿಯೊಂದಿಗೆ ತಾಳೆ

ಅಮೆರಿಕದಲ್ಲಿ ಹಿಂದೆ ತನಿಖೆಯ ಮುಂಚಿನ ಎರಡು ವಾರದ ಸಿಬ್ಬಂದಿ ವಿವರವನ್ನು ಆರೈಕೆ ಮನೆಯ ಆಡಳಿತದವರೇ ಬರೆದುಕೊಡುತ್ತಿದ್ದರು. ಮದುವೆ ಮನೆಗೆ ಸುಣ್ಣ ಹೊಡೆದಂತೆ ಆ ಎರಡು ವಾರ ಎಲ್ಲ ಲಕಲಕ. 2010ರ ಆರೋಗ್ಯ ಕಾಯ್ದೆಯಲ್ಲಿ ಇದಕ್ಕೆ ಮದ್ದು ಬರೆದರು, 2016ರ ಜುಲೈನಿಂದ ಜಾರಿಗೆ ತಂದರು. ಸಂಬಳ ಕೊಟ್ಟ ದಾಖಲೆಯ ಆಧಾರದ ಮೇಲೆ ದಿನದಿನದ ಗಂಟೆಗಳನ್ನು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಸಲ್ಲಿಸಬೇಕು. ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು. ಇಲ್ಲದವನಿಗೆ ಸಂಬಳ ಕೊಟ್ಟೆ ಎಂದು ಬರೆಯುವುದು ಹಾಜರಿ ಪುಸ್ತಕದಲ್ಲಿ ಗೀಚಿದಷ್ಟು ಸುಲಭವಲ್ಲ.

ನಮಗೂ ಒಂದು ಸಣ್ಣ ಕಿಂಡಿ ಇದೆ. ಸಾಮಾನ್ಯವಾಗಿ 10 ನೌಕರರಿದ್ದರೆ ಇಎಸ್‌ಐ, 20 ಇದ್ದರೆ ಪಿಎಫ್ ಅನ್ವಯ. ಪಿಎಫ್ ಸಂಸ್ಥೆಯ ಜಾಲತಾಣದಲ್ಲಿ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’ ಎಂಬ ಪುಟವಿದೆ. ಸಂಸ್ಥೆಯ ಹೆಸರು ಹಾಕಿದರೆ ಯಾವ ತಿಂಗಳು ಎಷ್ಟು ನೌಕರರಿಗೆ ಹಣ ಕಟ್ಟಿದ್ದಾರೆ ಎಂಬುದು ಕಾಣುತ್ತದೆ. ‘ನಮ್ಮಲ್ಲಿ 60 ಮಂದಿ’ ಎನ್ನುವ ದೊಡ್ಡ ಸಂಸ್ಥೆಗೆ ಪಿಎಫ್ ಪಟ್ಟಿಯಲ್ಲಿ 24 ಕಂಡರೆ, ಉಳಿದವರು ಗುತ್ತಿಗೆಯವರೋ, ಪಿಎಫ್ ಇಲ್ಲದೆ ದುಡಿಯುವವರೋ, ಹುಟ್ಟೇ ಇಲ್ಲದವರೋ ಎಂದು ಕೇಳಲು ಒಂದು ಹಿಡಿ ಸಿಗುತ್ತದೆ. ಅತ್ತೆಯ ಆಶ್ರಮದಂಥ 12 ಮಂದಿಯ ಮನೆ ಇದರಲ್ಲಿ ಸಿಗುವುದಿಲ್ಲ. ಅಲ್ಲಿ ಕಣ್ಣೇ ಗತಿ.

ಹೆಸರುಗಳ ಬದಲಾವಣೆಯನ್ನೂ ಗಮನಿಸಿ. ಆರು ತಿಂಗಳ ಹಿಂದಿನ ಚಾರ್ಟಿನ ಏಳರಲ್ಲಿ ಇಂದು ಎಷ್ಟು ಹೆಸರು ಉಳಿದಿವೆ? ಅತ್ತೆಗೆ ಎಡಗಿವಿ ಕೇಳದು, ಸಾರು ಬಿಸಿಯಿದ್ದರೆ ಉಣ್ಣಳು. ಇದು ಯಾವ ಫೈಲಿನಲ್ಲೂ ಇಲ್ಲ, ಹಳೆಯ ಆಯಾಳ ತಲೆಯಲ್ಲಿದೆ. ಅವಳು ಬಿಟ್ಟುಹೋದರೆ ಅದೂ ಹೋಯಿತು.

ಯಾರ ಮುಂದೆ ಇಡುವುದು

ಮೊದಲು ಆಡಳಿತದ ಮುಂದೆ. ಒಂದೇ ಪುಟ, ದಿನಾಂಕ, ಪಾಳಿ, ಎಣಿಕೆ, ನಿಮಿಷ. ಆಯಾಳ ಹೆಸರು ಎಲ್ಲೂ ಬರಬಾರದು, ಬಂದರೆ ಮರುದಿನ ಕೆಲಸ ಹೋಗುವುದು ಅವಳದೇ. ‘ನಿರ್ಲಕ್ಷ್ಯ’, ‘ಅಮಾನವೀಯ’ ಇಂಥ ಪದ ಬೇಡ. ‘ಭಾನುವಾರದ ರಜೆ ಮೂವರಿಗೆ ಒಟ್ಟಿಗೆ ಏಕೆ?’ ಎಂದು ಬರೆದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ನಾಲ್ಕು ಮನೆಯವರು ಸೇರಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು, ಒಂಟಿ ಅರ್ಜಿದಾರನಿಗೆ ‘ಬೇಕಾದ್ರ ಕರ್ಕೊಂಡ್ ಹೋಗ್ರಿ’ ಎಂಬ ಉತ್ತರ ಬಂದೇ ಬರುತ್ತದೆ.

ಅನುದಾನಿತ ಆಶ್ರಮವಾದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಒಕ್ಕಣೆ ಹೀಗಿರಲಿ: ‘ಕಳೆದ ಆರ್ಥಿಕ ವರ್ಷದಲ್ಲಿ ತಮ್ಮ ಇಲಾಖೆಯ ಅನುದಾನ ಪಡೆದ ಇಂಥ ವೃದ್ಧಾಶ್ರಮಕ್ಕೆ ಅನುಮೋದಿತವಾದ ಹುದ್ದೆವಾರು ಸಿಬ್ಬಂದಿ ಸಂಖ್ಯೆ, ತಿಂಗಳುವಾರು ಗೌರವಧನ ಪಡೆದವರ ಸಂಖ್ಯೆ, ನಿವಾಸಿಗಳ ಸಂಖ್ಯೆ ಹಾಗೂ ಅಧಿಕಾರಿಗಳ ತಪಾಸಣಾ ವರದಿಗಳ ದೃಢೀಕೃತ ಪ್ರತಿ ನೀಡುವುದು.’ ಸಂಖ್ಯೆ ಕೇಳಿ, ಹೆಸರು ಕೇಳಬೇಡಿ. ಹೆಸರು ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕಲು ದಾರಿ ಮಾಡಿಕೊಟ್ಟಂತೆ. ಪೂರ್ತಿ ಖಾಸಗಿ ಆಶ್ರಮಕ್ಕೆ ನೇರ ಅರ್ಜಿ ನಡೆಯುವುದಿಲ್ಲ. ಆದರೆ ಅದರ ಬಗ್ಗೆ ಇಲಾಖೆ ತರಿಸಿಕೊಂಡ ವರದಿ ಇದ್ದರೆ ಇಲಾಖೆಯಿಂದಲೇ ಕೇಳಬಹುದು.

ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಹೊಡೆತ, ಬೈಗುಳ, ಉಪವಾಸದಂಥ ತುರ್ತಿದ್ದರೆ ನೋಟ್‌ಬುಕ್ಕು ತುಂಬುವವರೆಗೆ ಕಾಯದೆ ಕರೆ ಮಾಡಿ. ಜಿಲ್ಲಾಧಿಕಾರಿಗೆ ಬರೆಯುವುದಾದರೆ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯ್ದೆ, 2007ರ 19ನೇ ಕಲಮನ್ನು ಉಲ್ಲೇಖಿಸಿ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ಆಶ್ರಮದ ಮಾತು ಇರುವುದು ಅಲ್ಲೇ. ಆಶ್ರಮಗಳಲ್ಲಿ ಇರಬೇಕಾದ ಗುಣಮಟ್ಟವನ್ನು ಗೊತ್ತುಪಡಿಸುವ ಅಧಿಕಾರವನ್ನು ಅದು ರಾಜ್ಯಕ್ಕೆ ಕೊಟ್ಟಿದೆ. ಗುಣಮಟ್ಟ ಅಂದಾಗ ನಮ್ಮಲ್ಲಿ ಮೊದಲು ನೆನಪಾಗುವುದು ಕೊಠಡಿಯ ಅಳತೆ, ಮಂಚದ ನಡುವಿನ ಅಂತರ, ಹಗಲು ಬಂದ ಅಧಿಕಾರಿಗೆ ಕಾಣುವಂಥವು. ರಾತ್ರಿ ಎಷ್ಟು ಕೈ ಇರಬೇಕು ಎಂಬುದನ್ನು ಕೇಳುವ ಅರ್ಜಿ ಬಂದರೆ ಆ ಕಡತಕ್ಕೆ ಹೊಸ ಹಾಳೆ ಸೇರುತ್ತದೆ.

ಅತ್ತೆಯ ಆಶ್ರಮದಲ್ಲಿ ನಾವು ಐದು ಮನೆಯವರು ಸೇರಿ ಕೊಟ್ಟ ಪುಟಕ್ಕೆ ನಾಲ್ಕು ವಾರ ಉತ್ತರವಿರಲಿಲ್ಲ. ಆಮೇಲೆ ಭಾನುವಾರದ ಒಂದು ರಜೆಯನ್ನು ಗುರುವಾರಕ್ಕೆ ಸರಿಸಿದರು, ಮಧ್ಯಾಹ್ನಕ್ಕೆ ಇಬ್ಬರಾದರು. 31 ಗಂಟೆ 38 ಆಯಿತು, ತಲೆಗೆ 1 ಗಂಟೆ 43 ನಿಮಿಷ. ಬೆಳಗಿನ ಪಾಳಿಯ ಒಬ್ಬಾಕೆ ಈಗ ಏಳರ ಬದಲು ಐದಕ್ಕೆ ಬಂದು ಹನ್ನೆರಡಕ್ಕೆ ಮನೆಗೆ ಹೋಗುತ್ತಾಳೆ. ಅದಕ್ಕೆ ಒಂದು ಪೈಸೆ ಹೆಚ್ಚಿನ ಖರ್ಚಿಲ್ಲ. ರಾತ್ರಿ ಎರಡಕ್ಕೆ ಇನ್ನೂ ಒಬ್ಬರೇ. ಅದಕ್ಕೆ ಹೊಸಬರನ್ನು ತರಬೇಕು, ಸಂಬಳ ಬೇಕು, ನಾವು ತಿಂಗಳಿಗೆ ತಲಾ ಎಷ್ಟು ಹೆಚ್ಚು ಕೊಡುತ್ತೇವೆ ಎಂದು ಮ್ಯಾನೇಜರ್ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಮುಂದಿನ ಭಾನುವಾರ ಆ ಲೆಕ್ಕಕ್ಕೆ ಕೂರುವವರಿದ್ದೇವೆ, ಅವರ ಸಂಬಳದ ಪಟ್ಟಿಯನ್ನೂ ತರಲು ಹೇಳಿದ್ದೇನೆ.